ವ್ಯಾಲಿಡೇಟರ್ ಪಾಸ್ ಅಂದರೆ ಟೆಸ್ಟಿಂಗ್ ಮುಗಿಯಿತೇ?

ಪ್ರಶ್ನೆ: ನಾನು ವೈಟ್‌ಫೀಲ್ಡ್‌ನ ಒಂದು ಕಂಪನಿಯಲ್ಲಿ ಟೆಸ್ಟರ್. ಇಷ್ಟು ವರ್ಷ ಕ್ಲೇಮ್‌ಗಳನ್ನು ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ಕಳಿಸುವ ಇಡಿಐ ಫೈಲ್ ಟೆಸ್ಟ್ ಮಾಡುತ್ತಿದ್ದೆ. ಈಗ ಅಮೆರಿಕದ ಒಂದು ಆರೋಗ್ಯ ವಿಮಾ ಕಂಪನಿಯ ಫೈರ್ ಎಪಿಐ (ಆರೋಗ್ಯ ಮಾಹಿತಿಯ ಫೈರ್ ಮಾನದಂಡದಲ್ಲಿ ಸಾಫ್ಟ್‌ವೇರ್‌ಗಳು ಡೇಟಾ ಕೇಳಿ ಪಡೆಯುವ ದಾರಿ) ಪ್ರಾಜೆಕ್ಟ್‌ಗೆ ಹಾಕಿದ್ದಾರೆ. ಸರ್ವರ್ ಕೊಡುವ ಜೇಸನ್ (ಡೇಟಾ ಬರುವ ಪಠ್ಯರೂಪ) ವ್ಯಾಲಿಡೇಟರ್‌ನಲ್ಲಿ ಪಾಸ್ ಆಗಿ, ಇನ್‌ಫರ್ನೊ ಎಂಬ ಟೆಸ್ಟ್ ಟೂಲ್ ಹಸಿರು ತೋರಿಸಿದರೆ ಕನ್ಫಾರ್ಮೆನ್ಸ್ ಟೆಸ್ಟಿಂಗ್ (ನಿಯಮಕ್ಕೆ ಹೊಂದುತ್ತದೆಯಾ ಎಂಬ ಪರೀಕ್ಷೆ) ಮುಗಿಯಿತು ಎನ್ನುತ್ತಾರೆ ನಮ್ಮ ಲೀಡ್. ನನಗೆ ಯಾಕೋ ಸಮಾಧಾನ ಇಲ್ಲ. ಇನ್ನೇನು ನೋಡಬೇಕು? ಇದನ್ನು ಕಲಿತರೆ ನಮ್ಮ ದೇಶದ ಆರೋಗ್ಯ ವಿಮೆ ಕ್ಲೇಮ್ ವ್ಯವಸ್ಥೆಯಾದ ಎನ್‌ಎಚ್‌ಸಿಎಕ್ಸ್ ಕೆಲಸಕ್ಕೂ ಉಪಯೋಗ ಆಗುತ್ತದಾ? ಇದಕ್ಕಾಗಿ ರೂಬಿ ಪ್ರೋಗ್ರಾಮಿಂಗ್ ಭಾಷೆ ಕಲಿಯಬೇಕಾ?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಅದನ್ನು ಬಿಡಬೇಡಿ.

ವ್ಯಾಲಿಡೇಟರ್ ನೋಡುವುದು ಆಕಾರವನ್ನು. ಇರಲೇಬೇಕಾದದ್ದು ಇದೆಯಾ, ತಾರೀಖು ತಾರೀಖಿನ ರೂಪದಲ್ಲಿದೆಯಾ, ಕೋಡ್ ಪಟ್ಟಿಯೊಳಗಿನದಾ, ಇಷ್ಟೇ. ಆ ತಾರೀಖು ನಿಜವಾ, ಆ ಮೊತ್ತ ನಿಜವಾ, ಆ ಕ್ಲೇಮ್ ಇದೇ ರೋಗಿಯದಾ ಅನ್ನುವುದು ಅದಕ್ಕೆ ಗೊತ್ತಾಗುವುದೇ ಇಲ್ಲ. ಬ್ಯಾಂಕಿನ ಚಲನ್‌ನಲ್ಲಿ ಎಲ್ಲಾ ಖಾನೆಗಳನ್ನೂ ನೀಟಾಗಿ ತುಂಬಿ, ಬೇರೆಯವರ ಅಕೌಂಟ್ ನಂಬರ್ ಬರೆದ ಹಾಗೆ. ಚಲನ್ ಸರಿಯಾಗಿಯೇ ಇದೆ. ದುಡ್ಡು ಮಾತ್ರ ಬೇರೆ ಕಡೆ ಹೋಯಿತು.

ನೀವು ಇಡಿಐ ಕಡೆಯಿಂದ ಬಂದವರು, ಹಾಗಾಗಿ ನಿಮಗೆ ಇದು ಬೇಗ ಅರ್ಥವಾಗುತ್ತದೆ. 837 (ಕ್ಲೇಮ್), 835 (ಪಾವತಿ) ಫೈಲ್‌ಗಳಿಗೆ ಸ್ನಿಪ್ ಎಂಬ ಪರೀಕ್ಷಾ ಹಂತಗಳನ್ನು ಹಾಕಿ ಟೆಸ್ಟ್ ಮಾಡಿರುತ್ತೀರಿ. ಒಂದನೇ ಹಂತ ವಾಕ್ಯರಚನೆ. ಎರಡನೆಯದು ಹಿಪಾ ಎಂಬ ಅಮೆರಿಕದ ಆರೋಗ್ಯ ಮಾಹಿತಿ ಕಾನೂನಿನ ಗೈಡ್‌ನ ನಿಯಮ. ಮೂರನೆಯದು ಬ್ಯಾಲೆನ್ಸಿಂಗ್, ಅಂದರೆ ಮೊತ್ತಗಳು ಒಂದಕ್ಕೊಂದು ತಾಳೆಯಾಗಬೇಕು. ಐದನೆಯದು ಹೊರಗಿನ ಕೋಡ್ ಪಟ್ಟಿಗಳು. ಫೈರ್ ವ್ಯಾಲಿಡೇಟರ್ ಇವುಗಳಲ್ಲಿ ಹೆಚ್ಚುಕಡಿಮೆ ಒಂದು, ಎರಡು, ಐದನ್ನು ಮಾಡುತ್ತದೆ. ಮೂರನೆಯದನ್ನು ಮಾಡುವುದಿಲ್ಲ. ನಿಮ್ಮ ಲೀಡ್‌ಗೆ ಇದನ್ನೇ ಹೇಳಿ: ಇಡಿಐನಲ್ಲಿ ಬ್ಯಾಲೆನ್ಸಿಂಗ್ ಇಲ್ಲದೆ ನಾವು ಸೈನ್ ಆಫ್ ಕೊಡುತ್ತಿರಲಿಲ್ಲ, ಇಲ್ಲಿ ಯಾಕೆ ಕೊಡಬೇಕು?

ಮೊದಲು, ಈ ಎಪಿಐ ಯಾಕೆ ಹುಟ್ಟಿತು ಅನ್ನುವುದನ್ನು ತಿಳಿದುಕೊಳ್ಳಿ. ಏನನ್ನು ಟೆಸ್ಟ್ ಮಾಡಬೇಕು ಅನ್ನುವುದು ಅಲ್ಲಿಂದಲೇ ಬರುತ್ತದೆ. ಅಮೆರಿಕದ ಸರ್ಕಾರಿ ಆರೋಗ್ಯ ಯೋಜನೆಗಳನ್ನು ನೋಡಿಕೊಳ್ಳುವ ಸಿಎಂಎಸ್ ಸಂಸ್ಥೆ 2020ರಲ್ಲಿ ಒಂದು ನಿಯಮ ತಂದಿತು. ಮೆಡಿಕೇರ್ ಅಡ್ವಾಂಟೇಜ್, ಮೆಡಿಕೇಡ್‌ನಂತಹ ಸರ್ಕಾರಿ ಯೋಜನೆಗಳನ್ನು ನಡೆಸುವ ವಿಮಾ ಕಂಪನಿಗಳು ಸದಸ್ಯರಿಗೆ ಅವರ ಡೇಟಾವನ್ನು ಅವರೇ ಆರಿಸಿದ ಆ್ಯಪ್ ಮೂಲಕ ಕೊಡಬೇಕು. ಇದಕ್ಕೇ ಪೇಷಂಟ್ ಆ್ಯಕ್ಸೆಸ್ ಎಪಿಐ ಎನ್ನುತ್ತಾರೆ. 2021ರ ಜುಲೈ 1ರಿಂದ ಇದು ಜಾರಿಗೆ ಬಂತು. ಕ್ಲೇಮ್ ಇತ್ಯರ್ಥವಾದ ಮೇಲೆ ಒಂದು ಕೆಲಸದ ದಿನದೊಳಗೆ ಅದು ಎಪಿಐನಲ್ಲಿ ಕಾಣಬೇಕು. ಕಂಪನಿಯ ಹತ್ತಿರ ಇರುವ, 2016ರ ಜನವರಿ 1ರಿಂದ ಈಚಿನ ಸೇವೆಗಳ ಡೇಟಾ ಸಿಗಬೇಕು. ಈ ಎರಡು ಮಾತನ್ನು ಯಾವ ವ್ಯಾಲಿಡೇಟರ್ ಪರೀಕ್ಷೆ ಮಾಡುತ್ತದೆ ಹೇಳಿ? ಶುಕ್ರವಾರ ಸಂಜೆ ಇತ್ಯರ್ಥವಾದ ಕ್ಲೇಮ್ ಸೋಮವಾರ ಕಂಡಿತಾ? 2017ರ ಕ್ಲೇಮ್ ಹಳೆಯ ಸಿಸ್ಟಮ್‌ನಿಂದ ಬಂತಾ? ಇವು ನೀವೇ ಬರೆಯಬೇಕಾದ ಟೆಸ್ಟ್‌ಗಳು.

ಆಮೇಲೆ 2024ರ ಜನವರಿಯಲ್ಲಿ ಇನ್ನೊಂದು ನಿಯಮ ಬಂತು. ಚಿಕಿತ್ಸೆಗೆ ಮೊದಲೇ ಪಡೆಯುವ ಒಪ್ಪಿಗೆ, ಅಂದರೆ ಪ್ರಯರ್ ಆಥರೈಸೇಷನ್ ಕುರಿತದ್ದು. ಔಷಧಿ ಬಿಟ್ಟು ಉಳಿದವುಗಳಿಗೆ ಬಹುತೇಕ ಕಂಪನಿಗಳು 2026ರಿಂದ ತುರ್ತಿದ್ದರೆ 72 ಗಂಟೆಯೊಳಗೆ, ಇಲ್ಲದಿದ್ದರೆ 7 ದಿನದೊಳಗೆ ನಿರ್ಧಾರ ತಿಳಿಸಬೇಕು. ಎಪಿಐಗಳ ಗಡುವು 2027ರ ಜನವರಿ. ನಿಮ್ಮ ಪ್ರಾಜೆಕ್ಟ್‌ಗೆ ಈಗ ಇಷ್ಟು ಜನರನ್ನು ತುಂಬುತ್ತಿರುವುದಕ್ಕೆ ಬಹುಶಃ ಇದೇ ಕಾರಣ.

ಈಗ ಕೆಲಸದ ವಿಷಯ. ಟೂಲ್ ಮುಟ್ಟುವ ಮೊದಲು ಗೈಡ್, ಅಂದರೆ ಎಪಿಐ ಹೇಗಿರಬೇಕು ಎಂಬ ನಿಯಮಗಳ ದಾಖಲೆ ಓದಿ. ಕ್ಲೇಮ್ ಡೇಟಾಗೆ ಕಾರಿನ್ ಬ್ಲೂ ಬಟನ್ ಗೈಡ್, ವೈದ್ಯಕೀಯ ಡೇಟಾಗೆ ಯುಎಸ್ ಕೋರ್, ಅವುಗಳ ಕೆಳಗೆ ಫೈರ್‌ನ ಆರ್4 ಆವೃತ್ತಿ. ಪ್ರತಿಯೊಂದರಲ್ಲೂ ಕಡ್ಡಾಯದ ವಾಕ್ಯಗಳಿಗೆ ಶಾಲ್ ಅಂತ, ಮಾಡಿದರೆ ಒಳ್ಳೆಯದು ಅನ್ನುವುದಕ್ಕೆ ಶುಡ್ ಅಂತ, ಬಿಟ್ಟರೂ ನಡೆಯುತ್ತದೆ ಅನ್ನುವುದಕ್ಕೆ ಮೇ ಅಂತ ಇರುತ್ತದೆ. ಒಂದು ಶೀಟ್ ಮಾಡಿ. ಒಂದು ಶಾಲ್ ವಾಕ್ಯಕ್ಕೆ ಒಂದು ಸಾಲು. ಪಕ್ಕದಲ್ಲಿ ಇದನ್ನು ಯಾವ ಟೆಸ್ಟ್ ನೋಡುತ್ತದೆ, ಇನ್‌ಫರ್ನೊನಾ, ವ್ಯಾಲಿಡೇಟರಾ, ನಾವೇ ಬರೆದದ್ದಾ ಅಂತ ತುಂಬಿ. ಖಾಲಿ ಉಳಿದ ಸಾಲುಗಳೇ ನಿಮ್ಮ ಕೆಲಸ. ಬೇಜಾರಿನ ಕೆಲಸ ನಿಜ, ಆದರೆ ಇದನ್ನು ಬಿಟ್ಟರೆ ನಾವು ಎಷ್ಟು ಟೆಸ್ಟ್ ಮಾಡಿದ್ದೇವೆ ಎಂದು ಯಾರಿಗೂ ಹೇಳಲು ಬರುವುದಿಲ್ಲ. ಗೈಡ್‌ನ ವರ್ಷನ್ ನಂಬರನ್ನು ಶೀಟಿನ ತಲೆಯ ಮೇಲೇ ಬರೆಯಿರಿ. ಡೆವಲಪರ್ ಒಂದು ವರ್ಷನ್, ಟೆಸ್ಟರ್ ಇನ್ನೊಂದು ವರ್ಷನ್ ಇಟ್ಟುಕೊಂಡು ಜಗಳವಾಡುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ.

ಇನ್‌ಫರ್ನೊ ಒಳ್ಳೆಯ ಟೂಲ್. ಅಮೆರಿಕ ಸರ್ಕಾರದ ಆರೋಗ್ಯ ಐಟಿ ಕಚೇರಿಯಾದ ಒಎನ್‌ಸಿಗಾಗಿ ಮೈಟರ್ ಸಂಸ್ಥೆ ಮಾಡಿದ್ದು, ಎಲ್ಲರಿಗೂ ಮುಕ್ತ. ಆದರೆ ಅದು ಒಂದೇ ಟೆಸ್ಟ್ ಅಲ್ಲ, ಹಲವು ಕಿಟ್‌ಗಳ ಗುಂಪು. ನಿಮ್ಮ ತಂಡ ಯಾವ ಕಿಟ್ ಓಡಿಸುತ್ತಿದೆ ಎಂದು ಕೇಳಿ. ಆಸ್ಪತ್ರೆ ಸಾಫ್ಟ್‌ವೇರ್‌ನ ಸರ್ಟಿಫಿಕೇಷನ್ ಕಿಟ್ ಓಡಿಸಿ, ವಿಮಾ ಕಂಪನಿಯ ಎಪಿಐ ಪಾಸ್ ಅಂದರೆ ಆಗುವುದಿಲ್ಲ, ಅಲ್ವಾ?

ಇನ್ನೊಂದು, ಅದರ ವರದಿಯಲ್ಲಿ ಪಾಸ್, ಫೇಲ್ ಬಿಟ್ಟು ಸ್ಕಿಪ್ ಅನ್ನುವುದೂ ಇರುತ್ತದೆ. ಸ್ಕಿಪ್ ಅಂದರೆ ಆ ಟೆಸ್ಟ್ ಮಾಡಲು ಬೇಕಾದ ಡೇಟಾ ಸಿಗಲಿಲ್ಲ ಎಂದು. ಇದು ಜಾಸ್ತಿ ಬರುವುದು ಮಸ್ಟ್ ಸಪೋರ್ಟ್ ಎಂಬ ಗುರುತಿರುವ ಅಂಶಗಳಲ್ಲಿ. ಮಸ್ಟ್ ಸಪೋರ್ಟ್ ಅಂದರೆ ಪ್ರತಿ ರೋಗಿಗೂ ಆ ಮಾಹಿತಿ ಇರಲೇಬೇಕು ಅಂತಲ್ಲ. ಮಾಹಿತಿ ಇದ್ದರೆ ಅದನ್ನು ಕೊಡುವ ಶಕ್ತಿ ಸರ್ವರ್‌ಗೆ ಇರಬೇಕು. ಅದನ್ನು ತೋರಿಸಬೇಕಾದರೆ ಟೆಸ್ಟ್ ಡೇಟಾದಲ್ಲಿ ಕನಿಷ್ಠ ಒಬ್ಬ ರೋಗಿಗಾದರೂ ಆ ಮಾಹಿತಿ ಇರಬೇಕು. ಎಷ್ಟೋ ತಂಡಗಳು ಸ್ಕಿಪ್ ಬಂದರೆ ಸುಮ್ನೆ ಮುಂದೆ ಹೋಗುತ್ತವೆ. ನೀವು ಹಾಗೆ ಮಾಡಬೇಡಿ. ಇದರ ಉಲ್ಟಾ ತಪ್ಪೂ ಇದೆ. ಕೆಂಪು ಬರಬಾರದು ಅಂತ ಡೆವಲಪರ್‌ಗಳು ಇಲ್ಲದ ಮಾಹಿತಿಗೆ ಏನೋ ಒಂದು ತುಂಬಿಬಿಡುತ್ತಾರೆ. ಫೋನ್ ನಂಬರ್ ಜಾಗದಲ್ಲಿ ಸಾಲಾಗಿ ಸೊನ್ನೆ, ಗೊತ್ತಿಲ್ಲದ ಜನ್ಮದಿನಕ್ಕೆ 1900ರ ಜನವರಿ 1. ವ್ಯಾಲಿಡೇಟರ್ ಇದಕ್ಕೂ ಪಾಸ್ ಕೊಡುತ್ತದೆ. ಕಡ್ಡಾಯದ ಜಾಗದಲ್ಲಿ ಮಾಹಿತಿ ಇಲ್ಲದಿದ್ದರೆ ‘ಇಲ್ಲ’ ಎಂದು ಹೇಳಲು ಫೈರ್‌ನಲ್ಲೇ ಒಂದು ವ್ಯವಸ್ಥೆ ಇದೆ, ಅದನ್ನೇ ಬಳಸಬೇಕು. ಸುಳ್ಳು ತುಂಬಿದ್ದು ಕಂಡರೆ ದೊಡ್ಡ ದೋಷ ಎಂದೇ ದಾಖಲಿಸಿ.

ಹೆಸರುಗಳ ವಿಷಯ ನಮಗೆ ಚೆನ್ನಾಗಿ ಗೊತ್ತು. ನಮ್ಮ ಕಡೆ ಎಷ್ಟೋ ಜನರಿಗೆ ಮನೆತನದ ಹೆಸರೇ ಇಲ್ಲ. ಊರಿನ ಒಂದು ಇನಿಷಿಯಲ್, ಅಪ್ಪನ ಒಂದು ಇನಿಷಿಯಲ್, ಆಮೇಲೆ ಹೆಸರು. ಅಂಥವರು ಅಮೆರಿಕದಲ್ಲೂ ವಿಮೆ ಮಾಡಿಸಿರುತ್ತಾರೆ. ಯುಎಸ್ ಕೋರ್ ನಿಯಮದ ಪ್ರಕಾರ ಸ್ವಂತ ಹೆಸರು ಅಥವಾ ಮನೆತನದ ಹೆಸರು, ಎರಡರಲ್ಲಿ ಒಂದಿದ್ದರೂ ಸಾಕು. ಆದರೆ ಒಳಗಿನ ಹಳೆಯ ಸಿಸ್ಟಮ್ ಎರಡೂ ಬೇಕು ಎಂದು ಹಟ ಹಿಡಿಯುತ್ತದೆ. ಈ ಟೆಸ್ಟ್ ಕೇಸನ್ನು ಬೆಂಗಳೂರಿನ ಟೆಸ್ಟರ್ ಬರೆಯದೆ ಇನ್ಯಾರು ಬರೆಯಬೇಕು?

ಈಗ ನಿಜವಾಗಿ ಸಮಯ ಕೊಡಬೇಕಾದ ಜಾಗ, ದುಡ್ಡು. ಒಂದು ಕ್ಲೇಮ್ ತೆಗೆದುಕೊಳ್ಳಿ. ಆಸ್ಪತ್ರೆ ಕೇಳಿದ್ದು 1200 ಡಾಲರ್. ಒಪ್ಪಂದದ ದರ 800. ಅದರಲ್ಲಿ ಡಿಡಕ್ಟಿಬಲ್, ಅಂದರೆ ಕಂಪನಿ ಕೊಡಲು ಶುರು ಮಾಡುವ ಮೊದಲು ಸದಸ್ಯರೇ ಕೊಡಬೇಕಾದದ್ದು, 300. ಉಳಿದ 500ರಲ್ಲಿ ಶೇ. 20 ಕೋಇನ್ಶೂರೆನ್ಸ್ (ಸದಸ್ಯರ ಶೇಕಡಾವಾರು ಪಾಲು), ಅಂದರೆ 100. ಕಂಪನಿ ಕೊಡುವುದು 400, ಸದಸ್ಯರ ಪಾಲು 400. ಈ ಪ್ರತಿಯೊಂದು ಮೊತ್ತಕ್ಕೂ ಎಕ್ಸ್‌ಪ್ಲನೇಷನ್ ಆಫ್ ಬೆನಿಫಿಟ್ ಎಂಬ ರಿಸೋರ್ಸ್‌ನಲ್ಲಿ (ಫೈರ್‌ನ ಡೇಟಾ ನಮೂನೆ) ಬೇರೆ ಬೇರೆ ಕೋಡ್ ಇದೆ. ಈಗ ಮ್ಯಾಪಿಂಗ್ (ಮೂಲ ಕಾಲಮ್‌ಗಳನ್ನು ಈ ಕೋಡ್‌ಗಳಿಗೆ ಜೋಡಿಸುವುದು) ಬರೆದವರು ಡಿಡಕ್ಟಿಬಲ್ ಮತ್ತು ಕೋಇನ್ಶೂರೆನ್ಸ್ ಎರಡನ್ನೂ ಅದಲುಬದಲು ಮಾಡಿದರು ಅಂದುಕೊಳ್ಳಿ. ಒಟ್ಟು ಮೊತ್ತ ತಾಳೆಯಾಗುತ್ತದೆ. ವ್ಯಾಲಿಡೇಟರ್ ಹಸಿರು. ಆದರೆ ಸದಸ್ಯರ ಆ್ಯಪ್ ‘ನಿಮ್ಮ ಡಿಡಕ್ಟಿಬಲ್‌ನಲ್ಲಿ 100 ಮಾತ್ರ ಮುಗಿದಿದೆ’ ಎನ್ನುತ್ತದೆ. ಅವರು ಮುಂದಿನ ಆಪರೇಷನ್‌ಗೆ 200 ಡಾಲರ್ ಜಾಸ್ತಿ ಎತ್ತಿಡಬೇಕು ಅಂದುಕೊಳ್ಳುತ್ತಾರೆ, ಇಲ್ಲವೇ ಚಿಕಿತ್ಸೆಯನ್ನೇ ಮುಂದೂಡುತ್ತಾರೆ. ಆದ್ದರಿಂದ ಬರೀ ಕೂಡಿಸಿ ನೋಡಿದರೆ ಸಾಲದು. ಮೂಲ ಕ್ಲೇಮ್ ಸಿಸ್ಟಮ್‌ನ ಒಂದೊಂದು ಕಾಲಮ್ಮನ್ನೂ ಎಪಿಐನ ಒಂದೊಂದು ಮೊತ್ತದ ಜೊತೆ ಹೋಲಿಸಬೇಕು. ಟೆಸ್ಟ್ ಡೇಟಾದಲ್ಲಿ ಎಲ್ಲ ಮೊತ್ತಗಳೂ ಬೇರೆ ಬೇರೆ ಇರಲಿ. ಮೇಲಿನ ಉದಾಹರಣೆಯಲ್ಲೇ ನೋಡಿ, ಕಂಪನಿ ಕೊಟ್ಟದ್ದೂ 400, ಸದಸ್ಯರದ್ದೂ 400. ಇವೆರಡು ಅದಲುಬದಲಾದರೆ ನಿಮಗೆ ಕಾಣುವುದೇ ಇಲ್ಲ. ಟೆಸ್ಟ್‌ಗೆ ಇದು ಕೆಟ್ಟ ಡೇಟಾ.

ಇನ್ನು ತಿದ್ದುಪಡಿಯಾದ ಕ್ಲೇಮ್‌ಗಳು. ಆಸ್ಪತ್ರೆ ಬಿಲ್ ಬದಲಿಸಿ ಮತ್ತೆ ಕಳಿಸುತ್ತದೆ, ಹಳೆಯದು ರದ್ದಾಗಿ ಹೊಸದು ಬರುತ್ತದೆ. ಹಳೆಯದರ ಸ್ಥಿತಿ ಬದಲಾಗಬೇಕು, ಹಳೆಯದಕ್ಕೂ ಹೊಸದಕ್ಕೂ ಕೊಂಡಿ ಇರಬೇಕು. ಇಲ್ಲದಿದ್ದರೆ ಆ್ಯಪ್ ಎರಡನ್ನೂ ಕೂಡಿಸಿ ಖರ್ಚು ಎರಡರಷ್ಟು ತೋರಿಸುತ್ತದೆ. ಸಿಂಥಿಯಾದಂತಹ ಟೂಲ್ ಮಾಡಿಕೊಡುವ ಕಾಲ್ಪನಿಕ ರೋಗಿಗಳು ಶುರು ಮಾಡಲು ಒಳ್ಳೆಯವರು, ಆದರೆ ಅವರ ಕ್ಲೇಮ್‌ಗಳು ತೀರಾ ಅಚ್ಚುಕಟ್ಟು. ತಿರಸ್ಕಾರವಾದ ಕ್ಲೇಮ್, ಎರಡು ವಿಮೆ ಇರುವವರು, ತಾಯಿಯ ನಂಬರಿನಲ್ಲೇ ಬಂದ ನವಜಾತ ಶಿಶುವಿನ ಕ್ಲೇಮ್, ಫೆಬ್ರವರಿ 29ರಂದು ಹುಟ್ಟಿದವರು, ಇವರನ್ನೆಲ್ಲ ನೀವೇ ಸೃಷ್ಟಿಸಬೇಕು.

ತಾರೀಖಿನ ಒಂದು ದೋಷವಂತೂ ಬೆಂಗಳೂರು–ಅಮೆರಿಕ ಪ್ರಾಜೆಕ್ಟ್‌ಗಳಲ್ಲಿ ಪದೇ ಪದೇ ಬರುತ್ತದೆ. ಫೈರ್‌ನಲ್ಲಿ ಜನ್ಮದಿನ ಬರೀ ತಾರೀಖು, ಅದಕ್ಕೆ ಗಂಟೆ ಇಲ್ಲ. ಆದರೆ ಪ್ರೋಗ್ರಾಂ ಅದನ್ನು ಗಂಟೆ ಸಮೇತ ಓದಿಕೊಳ್ಳುತ್ತದೆ. ಮಾರ್ಚ್ 10ರ ನಮ್ಮ ಮಧ್ಯರಾತ್ರಿ ಅಂದರೆ ಯುಟಿಸಿಯಲ್ಲಿ (ಜಾಗತಿಕ ಮೂಲ ಸಮಯ) ಮಾರ್ಚ್ 9ರ ಸಂಜೆ 6:30. ಅಲ್ಲಿಂದ ತಾರೀಖು ಕತ್ತರಿಸಿ ಬರೆದರೆ ರೋಗಿ ಒಂದು ದಿನ ಮೊದಲೇ ಹುಟ್ಟಿರುತ್ತಾನೆ. ಒಂದು ದಿನದ ವ್ಯತ್ಯಾಸವಾದರೆ ಇನ್ನೊಂದು ಸಿಸ್ಟಮ್‌ನಲ್ಲಿ ಆ ವ್ಯಕ್ತಿಯ ಗುರುತೇ ಹೊಂದುವುದಿಲ್ಲ. ಸರ್ವರ್‌ನ ಟೈಮ್ ಝೋನ್ ಬದಲಿಸಿ ಒಂದೇ ಟೆಸ್ಟನ್ನು ಭಾರತದ ಸಮಯ, ಯುಟಿಸಿ, ನ್ಯೂಯಾರ್ಕ್ ಸಮಯ ಮೂರರಲ್ಲೂ ಓಡಿಸಿ.

ಕೋಡ್‌ಗಳಲ್ಲೂ ಕಾಲದ ಪ್ರಶ್ನೆ ಇದೆ. ಐಸಿಡಿ-10-ಸಿಎಂ ರೋಗದ ಕೋಡ್‌ಗಳ ವಾರ್ಷಿಕ ಬದಲಾವಣೆ ಅಕ್ಟೋಬರ್ 1ಕ್ಕೆ ಜಾರಿಯಾಗುತ್ತದೆ. 2019ರ ಕ್ಲೇಮನ್ನು ಈಗಿನ ಪಟ್ಟಿಯಿಟ್ಟು ನೋಡಿದರೆ ಸರಿಯಾದ ಹಳೆಯ ಕೋಡ್ ತಪ್ಪೆಂದು ಕಾಣುತ್ತದೆ. ಸೇವೆ ನಡೆದ ದಿನ ಆ ಕೋಡ್ ಚಾಲ್ತಿಯಲ್ಲಿತ್ತಾ ಅನ್ನುವುದೇ ಸರಿಯಾದ ಪ್ರಶ್ನೆ.

ಹುಡುಕಾಟದ ಬಗ್ಗೆ ಎರಡೇ ಮಾತು. ಸರ್ವರ್ ತನ್ನ ಕೇಪಬಿಲಿಟಿ ಸ್ಟೇಟ್‌ಮೆಂಟ್‌ನಲ್ಲಿ ಏನೇನು ಮಾಡುತ್ತೇನೆ ಎಂದು ಘೋಷಿಸಿದೆಯೋ ಅಷ್ಟನ್ನೂ ಟೆಸ್ಟ್ ಮಾಡಿ. ಆಮೇಲೆ ಪುಟಗಳು. ಫಲಿತಾಂಶ ಪುಟ ಪುಟವಾಗಿ ಬರುವಾಗ ಎಲ್ಲ ಪುಟಗಳನ್ನೂ ದಾಟಿ ಎಣಿಸಿ, ಮೂಲ ಸಿಸ್ಟಮ್‌ನ ಎಣಿಕೆಗೆ ಹೋಲಿಸಿ. ಮೊದಲ ಪುಟ ಮಾತ್ರ ನೋಡುವ ಟೆಸ್ಟ್‌ಗಳು ಬೇಕಾದಷ್ಟಿವೆ. ಕಳೆದುಹೋಗುವ ಕ್ಲೇಮ್‌ಗಳು ಸಿಗುವುದು ಕೊನೆಯ ಪುಟಗಳಲ್ಲಿ.

ನನ್ನ ಪ್ರಕಾರ ಅತಿ ಮುಖ್ಯವಾದದ್ದು ಯಾರ ಡೇಟಾ ಯಾರಿಗೆ ಕಾಣುತ್ತದೆ ಅನ್ನುವುದು. ಸ್ಮಾರ್ಟ್ ಆ್ಯಪ್ ಲಾಂಚ್, ಓಆತ್ 2.0 ಎಂಬ ಅನುಮತಿ ನಿಯಮಗಳ ಪ್ರಕಾರ ಲಾಗಿನ್ ಆಯಿತು, ಟೋಕನ್ (ಡೇಟಾ ಕೇಳಲು ಬೇಕಾದ ಡಿಜಿಟಲ್ ಚೀಟಿ) ಬಂತು, ಡೇಟಾ ಬಂತು, ಟೆಸ್ಟ್ ಪಾಸ್. ಹೀಗೆ ನಿಲ್ಲಿಸುವ ತಂಡಗಳೇ ಜಾಸ್ತಿ. ನೀವು ಅಲ್ಲಿಂದ ಶುರು ಮಾಡಿ. ಒಬ್ಬರ ಟೋಕನ್ ಇಟ್ಟುಕೊಂಡು ಇನ್ನೊಬ್ಬರ ಕ್ಲೇಮ್‌ನ ಐಡಿ ಕೇಳಿ. ಹುಡುಕುವಾಗ ಇನ್ನೊಬ್ಬ ರೋಗಿಯ ಐಡಿ ಕೊಡಿ. ಒಬ್ಬರಿಗೆ ಬಂದ ‘ಮುಂದಿನ ಪುಟ’ದ ಕೊಂಡಿಯನ್ನು ಇನ್ನೊಬ್ಬರ ಟೋಕನ್‌ನಿಂದ ತೆರೆಯಿರಿ. ಸರ್ವರ್‌ಗೆ ಗೊತ್ತಿಲ್ಲದ ಹುಡುಕಾಟದ ಪದ ಕೊಟ್ಟು ನೋಡಿ. ಗೊತ್ತಿಲ್ಲದ್ದನ್ನು ಬಿಟ್ಟುಬಿಡಲು ಫೈರ್ ಅವಕಾಶ ಕೊಡುತ್ತದೆ, ಹಾಗೆ ಬಿಟ್ಟಾಗ ಕೇಳಿದ್ದಕ್ಕಿಂತ ಜಾಸ್ತಿ ಡೇಟಾ ಬರುತ್ತದೆ. ಸದಸ್ಯರು ಆ್ಯಪ್‌ಗೆ ಕೊಟ್ಟ ಒಪ್ಪಿಗೆ ವಾಪಸ್ ಪಡೆದ ಮೇಲೂ ಹಳೆಯ ರಿಫ್ರೆಶ್ ಟೋಕನ್ ಹೊಸ ಟೋಕನ್ ಕೊಡುತ್ತಾ? ಇದನ್ನಂತೂ ಬಿಡಲೇಬೇಡಿ.

ಇಲ್ಲಿ ನಮ್ಮ ಅಭ್ಯಾಸವೇ ನಮ್ಮ ಕಣ್ಣಿಗೆ ಅಡ್ಡ ಬರುವ ಒಂದು ಜಾಗ ಇದೆ. ನಮ್ಮಲ್ಲಿ ಫ್ಯಾಮಿಲಿ ಫ್ಲೋಟರ್ ಪಾಲಿಸಿ ಇದ್ದರೆ ಅಪ್ಪನ ಲಾಗಿನ್‌ನಲ್ಲಿ ಇಡೀ ಮನೆಯ ಕ್ಲೇಮ್ ಕಾಣುವುದು ನಮಗೆ ಸಹಜ ಅನಿಸುತ್ತದೆ. ಅಮೆರಿಕದ ಈ ಎಪಿಐನಲ್ಲಿ ಪಾಲಿಸಿದಾರರಿಗೆ ತಮ್ಮ ಸಂಗಾತಿಯ ಅಥವಾ 18 ದಾಟಿದ ಮಗಳ ಕ್ಲೇಮ್ ತಾನಾಗಿ ಕಾಣಬಾರದು, ಅದಕ್ಕೆ ಅಧಿಕಾರ ಪಡೆದಿರಬೇಕು. ಮಗಳು ಮನೋವೈದ್ಯರ ಹತ್ತಿರ ಹೋಗಿದ್ದಾಳೆ ಅನ್ನುವುದನ್ನು ಅಪ್ಪನ ಫೋನಿಗೆ ತೋರಿಸುವ ಜೇಸನ್ ಪೂರ್ತಿ ವ್ಯಾಲಿಡ್ ಆಗಿರಬಹುದು. ಆ ಹುಡುಗಿಗೆ ಆಗುವ ತೊಂದರೆ ಯಾವ ವರದಿಯಲ್ಲೂ ಬರುವುದಿಲ್ಲ. ಮಗಳಿಗೆ 18 ತುಂಬುವ ಹಿಂದಿನ ದಿನ, ಆ ದಿನ, ಮಾರನೆಯ ದಿನ, ಮೂರಕ್ಕೂ ಟೆಸ್ಟ್ ಬರೆಯಿರಿ. ಅಪ್ರಾಪ್ತರ ಕೆಲವು ಚಿಕಿತ್ಸೆಗಳ ಗುಟ್ಟು ಕಾಯುವ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಅದನ್ನು ಕ್ಲೈಂಟ್‌ನ ಕಾನೂನು ತಂಡದಿಂದ ಬರಹದಲ್ಲಿ ಕೇಳಿ ಪಡೆಯಿರಿ.

ಡೇಟಾ ವಿಷಯ ಬಂದದ್ದಕ್ಕೆ ಒಂದು ಎಚ್ಚರಿಕೆ. ಅಮೆರಿಕದ ಹೊರಗಿನವರು ನಿಜವಾದ ರೋಗಿಗಳ ಡೇಟಾ ನೋಡಬಾರದು ಎಂದು ಅನೇಕ ಒಪ್ಪಂದಗಳಲ್ಲಿ ಇರುತ್ತದೆ. ನಿಮ್ಮದರಲ್ಲಿ ಏನಿದೆ ತಿಳಿದುಕೊಳ್ಳಿ. ವೆಬ್‌ನಲ್ಲಿ ಸಿಗುವ ಸಾರ್ವಜನಿಕ ವ್ಯಾಲಿಡೇಟರ್‌ಗೆ ಯಾರದೇ ನಿಜ ಡೇಟಾ ಅಂಟಿಸಬೇಡಿ. ಫೈರ್ ರೂಪಿಸಿದ ಎಚ್‌ಎಲ್‌7 ಸಂಸ್ಥೆಯ ವ್ಯಾಲಿಡೇಟರ್‌ನ ಜಾರ್ ಫೈಲ್ ಇಳಿಸಿಕೊಂಡು ನಿಮ್ಮ ಮೆಷಿನ್‌ನಲ್ಲೇ ಓಡಿಸಿ. ಅದು ಕೂಡ ಕೋಡ್‌ಗಳನ್ನು ನೋಡಲು ಹೊರಗಿನ ಟರ್ಮಿನಾಲಜಿ ಸರ್ವರ್ ಸಂಪರ್ಕಿಸುತ್ತದೆ, ಬೇಡವಾದರೆ ಅದನ್ನು ನಿಲ್ಲಿಸುವ ಆಯ್ಕೆ ಇದೆ. ನಿಲ್ಲಿಸಿದರೆ ಕೋಡ್ ಪರೀಕ್ಷೆ ಅರ್ಧಂಬರ್ಧ ಆಗುತ್ತದೆ ಅನ್ನುವುದೂ ನೆನಪಿರಲಿ.

ಎನ್‌ಎಚ್‌ಸಿಎಕ್ಸ್ ಬಗ್ಗೆ ಕೇಳಿದ್ದೀರಿ. ಖಂಡಿತ ಉಪಯೋಗವಾಗುತ್ತದೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಡಿಯಲ್ಲಿ ಆಸ್ಪತ್ರೆ, ಟಿಪಿಎ (ಕ್ಲೇಮ್ ನಿರ್ವಹಿಸುವ ಮಧ್ಯವರ್ತಿ ಸಂಸ್ಥೆ), ವಿಮಾ ಕಂಪನಿಗಳ ನಡುವೆ ಕ್ಲೇಮ್ ಮಾಹಿತಿ ಸಾಗಿಸುವ ವ್ಯವಸ್ಥೆ ಇದು. ಅಲ್ಲೂ ಫೈರ್ ಆರ್4 ಇದೆ. ಆದರೆ ಪ್ರೊಫೈಲ್‌ಗಳು (ಫೈರ್ ಮೇಲೆ ಹಾಕಿದ ಸ್ಥಳೀಯ ನಿಯಮಗಳು) ಬೇರೆ, ಪುಣೆಯ ಸಿ-ಡ್ಯಾಕ್‌ನಲ್ಲಿರುವ ಎನ್‌ಆರ್‌ಸಿಇಎಸ್ ಮಾಡಿದವು. ಯುಎಸ್ ಕೋರ್ ಜ್ಞಾನವನ್ನು ಹಾಗೇ ಎತ್ತಿ ಇಲ್ಲಿ ಇಡಲು ಆಗುವುದಿಲ್ಲ.

ದೊಡ್ಡ ವ್ಯತ್ಯಾಸ ಮಾತುಕತೆಯ ರೀತಿಯಲ್ಲಿದೆ. ಪೇಷಂಟ್ ಆ್ಯಕ್ಸೆಸ್ ಎಪಿಐನಲ್ಲಿ ಕೇಳಿದ ತಕ್ಷಣ ಉತ್ತರ ಬರುತ್ತದೆ. ಇಲ್ಲಿ ಕೇಳಿದಾಗ ‘ತಲುಪಿತು’ ಎಂದು ಮಾತ್ರ ಬರುತ್ತದೆ, ನಿಜವಾದ ಉತ್ತರ ಆಮೇಲೆ ಬೇರೆ ಕರೆಯಾಗಿ ವಾಪಸ್ ಬರುತ್ತದೆ. ಒಳಗಿನ ಮಾಹಿತಿ ಎನ್‌ಕ್ರಿಪ್ಟ್ ಆಗಿರುತ್ತದೆ, ನಡುವಿನ ಗೇಟ್‌ವೇ ಅದನ್ನು ಓದುವುದಿಲ್ಲ. ಯಾವ ಉತ್ತರ ಯಾವ ಪ್ರಶ್ನೆಗೆ ಅನ್ನುವುದು ಕೋರಿಲೇಷನ್ ಐಡಿಯಿಂದ ಗೊತ್ತಾಗಬೇಕು. ಹಾಗಾಗಿ ಇಲ್ಲಿ ಟೆಸ್ಟ್‌ಗಳ ಸ್ವರೂಪವೇ ಬೇರೆ. ಒಂದೇ ಉತ್ತರ ಎರಡು ಸಲ ಬಂದರೆ? ಪ್ರೀ-ಆಥ್ ಒಪ್ಪಿಗೆಯೂ, ಅದಕ್ಕಿಂತ ಮೊದಲು ಕಳಿಸಿದ ‘ಇನ್ನೂ ದಾಖಲೆ ಬೇಕು’ ಅನ್ನುವ ಸಂದೇಶವೂ ಉಲ್ಟಾ ಕ್ರಮದಲ್ಲಿ ತಲುಪಿದರೆ? ಉತ್ತರ ಬರುವಾಗ ಆಸ್ಪತ್ರೆಯ ಸರ್ವರ್ ಕೆಳಗೆ ಬಿದ್ದಿದ್ದರೆ?

ವಿಮಾ ನಿಯಂತ್ರಕ ಐಆರ್‌ಡಿಎಐನ 2024ರ ಮೇ ತಿಂಗಳ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಒಪ್ಪಿಗೆಗೆ ಮೂರು ಗಂಟೆಯೊಳಗೆ ನಿರ್ಧಾರ ಹೇಳಬೇಕು. ಮೂರು ಗಂಟೆ ದಾಟಿ ಆಸ್ಪತ್ರೆ ಹೆಚ್ಚುವರಿ ದುಡ್ಡು ಹಾಕಿದರೆ ಅದನ್ನು ವಿಮಾ ಕಂಪನಿಯೇ ಷೇರುದಾರರ ನಿಧಿಯಿಂದ ಭರಿಸಬೇಕು. ಅಂದರೆ ಒಂದು ಸಂದೇಶ ಎಲ್ಲೋ ಕಳೆದುಹೋಗಿ ಯಾರಿಗೂ ತಿಳಿಯದಿದ್ದರೆ, ಬಿಲ್ಲಿಂಗ್ ಕೌಂಟರ್ ಮುಂದೆ ಒಂದು ಕುಟುಂಬ ಕಾಯುತ್ತಾ ಕೂತಿರುತ್ತದೆ. ಗಡಿಯಾರ ಯಾವ ಕ್ಷಣದಿಂದ ಶುರುವಾಯಿತು ಎಂದು ಎರಡೂ ಕಡೆಯ ಲಾಗ್ ಒಂದೇ ಮಾತು ಹೇಳುತ್ತಾ ಎಂಬುದನ್ನು ಟೆಸ್ಟ್ ಮಾಡಿ.

ರೂಬಿ ಪ್ರಶ್ನೆಗೆ ಬರೋಣ. ಇನ್‌ಫರ್ನೊ ರೂಬಿಯಲ್ಲಿ ಬರೆದದ್ದು ನಿಜ. ಓಡಿಸಲು ರೂಬಿ ಬೇಕಾಗಿಲ್ಲ, ಸಿದ್ಧ ಪೊಟ್ಟಣವಾಗಿ ಸಾಫ್ಟ್‌ವೇರ್ ಓಡಿಸುವ ಡಾಕರ್ ಇದ್ದರೆ ಸಾಕು. ಅದರೊಳಗೇ ಹೊಸ ಟೆಸ್ಟ್ ಸೇರಿಸಬೇಕಾದರೆ ಮಾತ್ರ ಕಲಿಯಿರಿ. ಮೂಲ ಸಿಸ್ಟಮ್‌ಗೆ ಹೋಲಿಸುವ ಟೆಸ್ಟ್‌ಗಳಿಗೆ ಪೈಥಾನ್ ಸಾಕು, ಜಾವಾ ಬಂದರೆ ಹಾಪಿ ಫೈರ್ ಲೈಬ್ರರಿ ಚೆನ್ನಾಗಿದೆ. ಪೈಥಾನ್‌ನಲ್ಲಿ ಮೊತ್ತಗಳನ್ನು ಫ್ಲೋಟ್ (ಅಂದಾಜು ದಶಮಾಂಶ) ಆಗಿ ಓದಬೇಡಿ, ಡೆಸಿಮಲ್ (ನಿಖರ ದಶಮಾಂಶ) ಆಗಿ ಓದಿ. ಮೊದಲು ಡೇಟಾಬೇಸ್‌ನ ಭಾಷೆ ಎಸ್‌ಕ್ಯೂಎಲ್ ಗಟ್ಟಿ ಮಾಡಿಕೊಳ್ಳಿ, ಮೂಲ ಕ್ಲೇಮ್ ಟೇಬಲ್ ಓದಲು ಬಾರದಿದ್ದರೆ ಮೇಲೆ ಹೇಳಿದ ದುಡ್ಡಿನ ಟೆಸ್ಟ್ ಒಂದನ್ನೂ ಬರೆಯಲು ಆಗುವುದಿಲ್ಲ. ಲೀಡ್ ಹತ್ತಿರ ಹೋಗುವಾಗ ಇಷ್ಟೆಲ್ಲ ಹೇಳುವುದು ಬೇಡ. ಡಿಡಕ್ಟಿಬಲ್ ಅದಲುಬದಲಾದ ಒಂದು ಜೇಸನ್ ನೀವೇ ಮಾಡಿ, ಅದನ್ನು ಅವರ ಮುಂದೆಯೇ ವ್ಯಾಲಿಡೇಟರ್‌ಗೆ ಹಾಕಿ ತೋರಿಸಿ.